ಪುಟ ಸಂಖ್ಯೆ ಬೇಕು

ಊರ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳಿಗೆ ಮೂವತ್ತು ವರ್ಷ ಬೈಂಡು ಹಾಕಿ ನಿವೃತ್ತನಾದ ಬೈಂಡರಪ್ಪನಿಗೆ ಈಗ ಒಂದೇ ಕೆಲಸ. ಎಲ್ಲರೂ ಸೇರಿ ಬರೆಯುವ ಅಂತರ್ಜಾಲದ ವಿಶ್ವಕೋಶ ತೆರೆದು, ಬರೀ ಪುಸ್ತಕದ ಹೆಸರು ಹೇಳಿ ಕೈತೊಳೆದುಕೊಂಡವರ ಉಲ್ಲೇಖಗಳ ಪಕ್ಕ ‘ಪುಟ ಸಂಖ್ಯೆ ಬೇಕು’ ಎಂದು ಗುರುತು ಹಾಕುವುದು. ನೂರು ಗುರುತಿಗೆ ಒಬ್ಬರು ಉತ್ತರಿಸಿದರೆ ಹೆಚ್ಚು.

“ಆರುನೂರು ಪುಟದಲ್ಲಿ ಎಲ್ಲೀಂತ ಹುಡುಕ್ಲಿ? ಇವರ ತಲೇಲಾ?” ಎಂದು ಕೂಗಾಡುತ್ತಿದ್ದ.

“ಬಿಡಿ ಮಾವ, ನಿಮಗ್ಯಾಕೆ ಊರ ಉಸಾಬರಿ?” ಎನ್ನುತ್ತಿದ್ದಳು ಸೊಸೆ.

ಊರಿನ ಹಳೆಯ ಸೇತುವೆಯ ಲೇಖನಕ್ಕೂ ಗುರುತು ಬಿತ್ತು. ಬರೆದವಳು ಉತ್ತರಿಸಿದಳು: “ನಮ್ಮೂರ ಗ್ರಂಥಾಲಯದ ಪ್ರತಿಯಲ್ಲಿ ಪುಟ ಸಂಖ್ಯೆನೇ ಇಲ್ಲ ಸರ್.”

ಬೈಂಡರಪ್ಪನ ಪಿತ್ತ ನೆತ್ತಿಗೇರಿತು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!” ಎಂದು ಅಲ್ಲೇ ಬರೆದು, ಉರಿಬಿಸಿಲಲ್ಲಿ ಗ್ರಂಥಾಲಯಕ್ಕೆ ನಡೆದ.

ಗ್ರಂಥಪಾಲಕಿ ಆ ದಪ್ಪ ಪುಸ್ತಕ ತಂದುಕೊಟ್ಟಳು. ಎರಡು ಗಂಟೆ ಹುಡುಕಿದ ಮೇಲೆ ಸೇತುವೆಯ ಮಾತು ಸಿಕ್ಕಿತು. ಗೆದ್ದೆನೆಂದು ಪುಟದ ಕೆಳತುದಿ ನೋಡಿದ. ಸಂಖ್ಯೆ ಇರಲಿಲ್ಲ. ಹಿಂದಿನ ಪುಟದಲ್ಲೂ ಇಲ್ಲ, ಮುಂದಿನದರಲ್ಲೂ ಇಲ್ಲ. ಅಲ್ಲಲ್ಲಿ ಅಂಕಿಗಳ ನೆತ್ತಿ ಮಾತ್ರ ಉಳಿದಿತ್ತು. ಮಿಕ್ಕಿದ್ದನ್ನು ಅಂಚು ಕತ್ತರಿಸುವ ಯಂತ್ರದ ಅಲಗು ತಿಂದಿತ್ತು.

“ನೀವೇ ಬೈಂಡ್ ಮಾಡಿದ್ದು ಯಜಮಾನ್ರೇ,” ಎಂದಳು ಗ್ರಂಥಪಾಲಕಿ ಅಭಿಮಾನದಿಂದ. “ಅಂಚು ನೋಡಿ, ಎಷ್ಟು ನೀಟಾಗಿದೆ! ಈಗಿನವರಿಗೆ ಎಲ್ಲಿ ಬರತ್ತೆ?”

ಬೈಂಡರಪ್ಪ ಮೊದಲ ಹಾಳೆಗೆ ಮರಳಿದ.

“ಒಂದು ಪೆನ್ಸಿಲ್ ಕೊಡಮ್ಮ,” ಎಂದ.