ಕನ್ನಡದಾಗ ಹೇಳಿದ್ರ ನಡೀತದಲ್ರಿ?

"ಕನ್ನಡದಾಗ ಹೇಳಿದ್ರ ನಡೀತದಲ್ರಿ ಮೇಡಂ?" ಅಂತ ಫೋನಿನಲ್ಲಿ ಕೇಳಿದರು ನನ್ನ ಕಕ್ಷಿದಾರ ವಿಜ್ಞಾನಿ.

ನಾನು ಪಣಜಿಯಲ್ಲಿ ಪೇಟೆಂಟ್ ವಕೀಲೆ, ಹೆಚ್ಚಾಗಿ ಜೈವಿಕ ತಂತ್ರಜ್ಞಾನದ ಕೆಲಸ. ಈ ಧಾರವಾಡದ ಮನುಷ್ಯ ಹಡಗಿನ ಎಣ್ಣೆಜಿಡ್ಡನ್ನು ಸೂಕ್ಷ್ಮಜೀವಿಗಳಿಂದ ತೆಗೆಯುವ ಹೊಸ ವಿಧಾನ ಕಂಡುಹಿಡಿದಿದ್ದರು. ಅರ್ಜಿ ಹಾಕುವ ಮೊದಲೇ ಅದನ್ನು ನಾಲ್ಕು ಜನರ ಮುಂದೆ ಬಿಚ್ಚಿಟ್ಟರೆ ಪೇಟೆಂಟ್ ಕೈತಪ್ಪಿದಂತೆಯೇ. ಎಲ್ಲೂ ಬಾಯಿ ಬಿಡಬೇಡಿ ಅಂತ ಹೇಳಿ ಹೇಳಿ ನನಗೆ ಸಾಕಾಗಿತ್ತು. ಅಷ್ಟರಲ್ಲಿ ಇಲ್ಲಿಗೆ ಹತ್ತಿರದ ಮಂಗೋರ್ ಹಿಲ್ ಬಡಾವಣೆಯ ಕನ್ನಡಿಗರು ರಾಜ್ಯೋತ್ಸವಕ್ಕೆ ಅವರಿಗೊಂದು ಸನ್ಮಾನ ಇಟ್ಟುಕೊಂಡರು. ಸಂಶೋಧನೆಯ ಬಗ್ಗೆ ಭಾಷಣ ಬೇರೆ.

"ಪೇಟೆಂಟ್ ಆಫೀಸಿನಾಗ ಕನ್ನಡ ಯಾರಿಗೆ ಬರತದ್ರಿ?" ಅಂದರು.

"ಕೇಳಾಕ ಕುಂತೋರಿಗೆಲ್ಲಾ ಬರತದಲ್ರಿ ಸರ. ಪೇಟೆಂಟ್ ಕೈತಪ್ಪಾಕ ಅಷ್ಟ ಸಾಕು," ಅಂದೆ.

ಆದರೂ ನಂಬಿಕೆ ಸಾಲದೆ, ಕಾವಲಿಗೆ ನಾನೇ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಶಾಲು, ಹಾರ, ಪೇಟಾ ಎಲ್ಲಾ ಹಾಕಿಸಿಕೊಂಡು ಮೈಕ್ ಹಿಡಿದವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ತಾಯಿಯನ್ನು ನೆನೆದರು, ಗುರುಗಳನ್ನು ನೆನೆದರು, ಧಾರವಾಡದ ಹವಾ ಹೊಗಳಿದರು. ಸಂಶೋಧನೆಯ ಮಾತು ಬಂದಾಗಲೆಲ್ಲ "ಅದು ಭಾಳ ದೊಡ್ಡ ವಿಷಯ ಐತ್ರಿ" ಎಂದು ಮತ್ತೆ ತಾಯಿಯ ಹತ್ತಿರ ಹೋದರು.

ಅವರು ವೇದಿಕೆ ಇಳಿದದ್ದೇ ತಡ, ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಎದ್ದು ಅವರ ಕೈ ಹಿಡಿದುಕೊಂಡರು. "ವಿಜ್ಞಾನ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ ನೋಡ್ರಿ. ಎಲ್ಲಾ ತಿಳೀತು!"

ಇಡೀ ಭಾಷಣವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ತಿರುವಿ ನೋಡಿದೆ; ತಾಯಿ, ಗುರು, ಹವಾ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಏನೂ ಹೇಳದೆ ಅರ್ಧ ತಾಸು ಮಾತಾಡುವ ವಿದ್ಯೆ ನಮ್ಮ ವಕೀಲರಿಗಷ್ಟೇ ಬರುತ್ತದೆ ಅಂದುಕೊಂಡಿದ್ದೆ.