ವೈರು ಕಿಸೆಯಲ್ಲಿದ್ದಾಗ

ಚೆಂಬೂರಿನಿಂದ ಪವಾಯಿಗೆ ಹದಿನಾಲ್ಕು ಕಿಲೋಮೀಟರು. ಆಟೋದಲ್ಲಿ ಮುಕ್ಕಾಲು ಗಂಟೆಯ ದಾರಿ, ಬಾಡಿಗೆ ಇನ್ನೂರರ ಆಸುಪಾಸು. ಇದನ್ನೂ ಪ್ರವಾಸವೆಂದರೆ ಊರಿನ ಓದುಗರು ನಕ್ಕಾರು. ಅಕ್ಟೋಬರಿನ ಆ ಶನಿವಾರ ನಮಗೆ ಅದಕ್ಕೆ ಏಳು ಗಂಟೆ ಹಿಡಿಯಿತು.

ನಾನಿದ್ದ ಬಿಲ್ಡಿಂಗು ಕೆಡವಿ ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಯಿತು. ಪವಾಯಿಯಲ್ಲಿ ಸಣ್ಣದೊಂದು ಫ್ಲ್ಯಾಟು ಸಿಕ್ಕಿತು. ನಾನು ಫಿಸಿಕ್ಸ್ ಪಾಠ ಮಾಡುವ ಜೂನಿಯರ್ ಕಾಲೇಜಿನ ಕ್ಯಾಂಟೀನು ಉಡುಪಿ ಕಡೆಯ ಕರುಣಾಕರ ಶೆಟ್ಟರದು. ಅವರ ಬಳಿ ತರಕಾರಿ ತರುವ ಹಳೆಯ ಪೆಟ್ರೋಲ್ ಪಿಕಪ್ ಇತ್ತು. "ಟೆಂಪೋ ಎಂತಕ್ಕೆ ಮೇಡಂ, ನಮ್ಮದೇ ಗಾಡಿ ಉಂಟಲ್ಲ" ಎಂದು ಅವರೇ ಓಡಿಸಿಕೊಂಡು ಬಂದರು. ಎರಡು ಕಪಾಟು, ಒಂದು ಮಂಚ, ಹತ್ತೊಂಬತ್ತು ಪೆಟ್ಟಿಗೆ ಪುಸ್ತಕ ಹೇರಿ ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಗಾಳಿ ಎಂಬುದೇ ಇರಲಿಲ್ಲ. ಗಿಡದ ಒಂದೆಲೆಯೂ ಅಲುಗದ ಸೆಕೆ.

ಘಾಟ್ಕೋಪರ್ ಬರುವಷ್ಟರಲ್ಲಿ ಗಾಡಿಯ ನಡೆ ಬದಲಾಯಿತು. ಶೆಟ್ಟರು ಎಷ್ಟು ಒತ್ತಿದರೂ ವೇಗ ಮೂವತ್ತು ದಾಟದು. ಸೈಲೆನ್ಸರಿನಲ್ಲಿ ಆಗಾಗ ಢಬ್ ಎನ್ನುವ ಸದ್ದು. ಬಾನೆಟ್ಟಿನಿಂದ ಕಾದ ಕಬ್ಬಿಣದ ವಾಸನೆ. ಬದಿಗೆ ನಿಲ್ಲಿಸಿ ಅವರು ಕೀ ತೆಗೆದರು. ಇಂಜಿನು ನಿಲ್ಲಲಿಲ್ಲ.

ಕೀ ಅವರ ಅಂಗೈಯಲ್ಲಿತ್ತು. ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು. ಗಾಡಿ ಮಾತ್ರ ತನ್ನಷ್ಟಕ್ಕೆ ಕೆಮ್ಮುತ್ತ, ಇಡೀ ಮೈ ನಡುಗಿಸುತ್ತ ಓಡುತ್ತಲೇ ಇತ್ತು. ಹತ್ತು ಹನ್ನೆರಡು ಸೆಕೆಂಡು ಇರಬಹುದು. ಆಮೇಲೆ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಇಂಜಿನಿನೊಳಗೆ ಕಾದು ಕೆಂಪಾದ ಮಸಿಯೇ ಪೆಟ್ರೋಲಿಗೆ ಕಿಚ್ಚು ಹಚ್ಚುತ್ತದೆ, ಅದಕ್ಕೆ ಕೀ ಬೇಡ. ಇದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಬಾಗಿಲ ಹಿಡಿಗೆ ಕೈ ಹಾಕಿದೆ.

"ದೇವೆರೇ!" ಎಂದರು ಶೆಟ್ಟರು. "ಇದಕ್ಕೆ ನಮ್ಮ ದಸ್ತಗೀರನೇ ಆಗಬೇಕು."

ದಸ್ತಗೀರರ ಗ್ಯಾರೇಜು ವಿಕ್ರೋಳಿಯಲ್ಲಿ, ಕಾರ್ಖಾನೆಯೊಂದರ ಉದ್ದನೆಯ ಗೋಡೆಯ ನೆರಳಲ್ಲಿದೆ. ನಾಲ್ಕೈದು ಕಿಲೋಮೀಟರು ಹೈವೇಯ ಎಡಬದಿ ಹಿಡಿದು ಕುಂಟುತ್ತ ಹೋದೆವು. ಬಲಗಡೆ ಸಮುದ್ರದ ಹಿನ್ನೀರು ನುಗ್ಗುವ ಖಾಡಿಯ ಕಾಂಡ್ಲಾ ಕಾಡು ಅಲುಗದೆ ನಿಂತಿತ್ತು. ದಸ್ತಗೀರರು ವಿಜಯಪುರದ ಕಡೆಯವರು, ಐವತ್ತೈದರ ಸಣಕಲು ಮನುಷ್ಯ. ಕೈಯಲ್ಲಿದ್ದ ಬೇರೆ ಕೆಲಸ ಮುಗಿಸಿ ನಮ್ಮ ಗಾಡಿಯ ಬಳಿ ಬಂದಾಗ ಒಂದು ಗಂಟೆ.

"ಏನ್ ಶೆಟ್ಟಿ ಸಾಬ್, ಸಾಂಬಾರ್ ಹಾಕಿ ಓಡಸ್ತೀರೇನು ಗಾಡಿ?"

"ನಿನ್ನ ರಿಪೇರಿಗಿಂತ ನನ್ನ ಸಾಂಬಾರು ವಾಸಿ ಮಾರಾಯ. ನೋಡು, ನಾನು ಚಾ ತರ್ತೇನೆ" ಎಂದು ಶೆಟ್ಟರು ಹೋದರು.

ದಸ್ತಗೀರರು ಮೊದಲು ಮಾಡಿದ ಕೆಲಸ ನನಗೆ ಚೆನ್ನಾಗಿ ನೆನಪಿದೆ. ಕಿಡಿಗೆ ಕರೆಂಟು ಕೊಡುವ ಕಾಯಿಲ್‌ನಿಂದ ಬರುವ ನಡುವಿನ ಕಪ್ಪು ವೈರನ್ನು ಎರಡೂ ತುದಿ ಕಿತ್ತು, ಮಡಚಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡರು. "ಟೈಮಿಂಗ್ ನೋಡಾಕ ಕೀ ಚಾಲೂ ಇಡಬೇಕ್ರಿ, ಟಾಪ್ ಗೇರಿನ್ಯಾಗ ಗಾಡಿ ನೂಕಬೇಕು. ಕಿಡಿ ಹತ್ತಿತಂದ್ರ ಮೈಮ್ಯಾಲೆ ಬರ್ತೈತಿ. ವೈರು ನನ್ನ ಕಿಸೆದಾಗ ಐತಿ ಅಂದ್ರ ಗಾಡಿ ಸತ್ತಂಗ. ನಮ್ಮ ಉಸ್ತಾದ್ ಕಲಿಸಿದ್ದು."

ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿದರೂ ಕಿಡಿ ಬೇಗ ಅಥವಾ ತಡವಾಗಿ ಬೀಳುತ್ತದೆ. ನಮ್ಮದು ತಡವಾಗಿ ಬೀಳುತ್ತಿತ್ತು. ಸಣ್ಣ ಬಲ್ಬೊಂದಕ್ಕೆ ತಂತಿ ಕಟ್ಟಿ ಸಿಕ್ಕಿಸಿ ಗಾಡಿಯನ್ನು ಅಂಗುಲಂಗುಲ ನೂಕಿದರು. ಬಲ್ಬು ಹತ್ತುವ ಗಳಿಗೆಯೇ ಕಿಡಿಯ ಗಳಿಗೆ. ಸರಿಹೊಂದಿಸಿ, ಬೋಲ್ಟು ಬಿಗಿದು, ಡಿಸ್ಟ್ರಿಬ್ಯೂಟರಿನಿಂದ ಇಂಜಿನಿನವರೆಗೆ ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆದರು. ವೈರು ಹಾಕಿದರು. ಶೆಟ್ಟರು ಚಾ ಹಿಡಿದು ಬರುವಾಗ ಇಂಜಿನು ಹೊಲಿಗೆ ಮಷಿನ್ನಿನಂತೆ ಓಡುತ್ತಿತ್ತು.

"ನಾನೂ ಬರ್ತೀನಿ, ನಡೀರಿ. ಏರಿನ್ಯಾಗ ಹ್ಯಾಂಗ ಎಳೀತೈತಿ ನೋಡೂಣು" ಎಂದು ದಸ್ತಗೀರರು ಚೀಲ ಹಿಂದಕ್ಕೆ ಎಸೆದು ಹತ್ತಿದರು.

ಪವಾಯಿ ಕೆರೆ ಕಾಣುವಾಗ ಮತ್ತೆ ಢಬ್. ಕೆರೆಯ ಸಮೀಪದ ಒಂದು ಒಳರಸ್ತೆಗೆ ತಿರುಗಿಸಿ, ಕಾಂಪೌಂಡ್ ಗೋಡೆಗೆ ಮುಖಮಾಡಿ ನಿಲ್ಲಿಸಿದೆವು. ಬಂಪರಿಗೂ ಗೋಡೆಗೂ ನಡುವೆ ಮೂರು ಮೊಳ. ಮೊಸಳೆಗಳಿವೆ, ನೀರಿಗಿಳಿಯಬೇಡಿ ಎಂದು ಮರಾಠಿಯಲ್ಲಿ ಬರೆದ ಬೋರ್ಡು ಒಂದಿತ್ತು. ಕೆರೆ ಎಣ್ಣೆ ಹೊಯ್ದಂತೆ ಮಲಗಿತ್ತು. ಮೂರು ಗಂಟೆಯ ಬಿಸಿಲು, ಒಂದು ನಾಯಿಯೂ ಇಲ್ಲ.

ದಸ್ತಗೀರರು ಬಾನೆಟ್ ಎತ್ತಿದರು. ನಾನು ಇಣುಕಿದೆ. ಒಂದೇ ಇದ್ದ ಸೀಮೆಸುಣ್ಣದ ಗೆರೆ ಎರಡಾಗಿತ್ತು. ಮೇಲಿನ ತುಂಡು ಒಂದು ಬೆರಳು ಸರಿದು ಕೂತಿತ್ತು. ಬಾನೆಟ್ ಮುಚ್ಚಿತ್ತು, ಯಾರೂ ಮುಟ್ಟಿರಲಿಲ್ಲ.

"ಬೋಲ್ಟಿನ ತಿರುಪಿನ ಆಟಿ ಸವದೈತಿ" ಎಂದರು ದಸ್ತಗೀರರು. "ಬಿಗದ್ರೂ ಹಿಡಿಯೂದಿಲ್ಲ. ಒಳಗಿನ ದಂಡ ತಿರುಗಿದ ಕಡೆಗೇ ಡಿಸ್ಟ್ರಿಬ್ಯೂಟರನ್ನೂ ಎಳಕೊಂಡು ಹೊಂಟೈತಿ." ನಡುವಿನ ವೈರು ಕಿತ್ತು ಕಿಸೆಗೆ ಹಾಕಿಕೊಂಡು, ಬಲ್ಬು ಸಿಕ್ಕಿಸಿದರು. ಮುಂದಿನ ಚಕ್ರದ ಎದುರು ಒಂದು ಗೇಣು ದೂರದಲ್ಲಿ ಕಲ್ಲಿಟ್ಟರು. ಬೇರೆ ಬೋಲ್ಟು ಹುಡುಕಲು ಹಿಂದೆ ಹೋಗಿ, ನನ್ನ ಪೆಟ್ಟಿಗೆಗಳ ನಡುವೆ ಚೀಲ ತಡಕತೊಡಗಿದರು.

ಆಗ ಶೆಟ್ಟರು ಸೀಟಿನಿಂದ ಇಳಿದು ಬಂದು ಬಾನೆಟ್ಟಿನೊಳಗೆ ನೋಡಿದರು. "ಛೇ, ವೈರೇ ಬಿದ್ದು ಹೋಗಿದೆ!" ಎಂದು ಗೊಣಗಿದರು. ಕ್ಯಾಂಟೀನಿನಲ್ಲಿ ಪ್ರತಿಯೊಂದಕ್ಕೂ ಇನ್ನೊಂದನ್ನು ಎತ್ತಿಡುವ ಮನುಷ್ಯ ಅವರು. ಸೀಟಿನಡಿಯ ಡಬ್ಬಿಯಿಂದ ಹೊಸ ವೈರು ತೆಗೆದು, ಎರಡೂ ತುದಿ ಒತ್ತಿ ಕೂರಿಸಿದರು. ಕೈ ಒರೆಸಿಕೊಂಡು ಬಾಗಿಲ ಬಳಿ ಹೋಗಿ ನಿಂತರು.

ಇದನ್ನು ನಾನು ನೋಡಿದೆ. ಮೂರು ಮಾರು ದೂರದಿಂದ, ಹಾಡಹಗಲಲ್ಲಿ. ಆ ವೈರು ಕೂತರೆ ಏನಾಗುತ್ತದೆ ಎಂಬುದನ್ನು ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವಳು. ಕೆಲಸ ಬಲ್ಲವರು, ತಮ್ಮತಮ್ಮಲ್ಲಿ ಮಾತಾಗಿರಬೇಕು ಅಂದುಕೊಂಡೆ. ಅಷ್ಟೇ. ಬೇರೆ ಕಾರಣ ಹುಡುಕಿದರೂ ಸಿಕ್ಕಿಲ್ಲ.

ದಸ್ತಗೀರರು ಬೋಲ್ಟು ಹಿಡಿದು ಬಂದು ಗೋಡೆಗೂ ಬಂಪರಿಗೂ ನಡುವೆ ನಿಂತರು. ಬಾನೆಟ್ಟಿನೊಳಗೆ ಜಾಗ ಇಕ್ಕಟ್ಟು. ತೋಳು ಪೂರ್ತಿ ಒಳಗೆ ಹೋಗಬೇಕಾದರೆ ಮುಖ ಹೊರಗೆ ತಿರುಗಿಸಬೇಕು. ಹಾಗಾಗಿ ಅವರು ಇಂಜಿನನ್ನು ನೋಡುತ್ತಿರಲಿಲ್ಲ, ಬದಿಗೆ ಬಂದು ನಿಂತಿದ್ದ ನನ್ನನ್ನು ನೋಡುತ್ತಿದ್ದರು. "ಮೇಡಂ, ಬಲ್ಬ್ ಹತ್ತಿದ ಕೂಡಲೇ ಹ್ಞೂಂ ಅನ್ರಿ. ಶೆಟ್ಟಿ ಸಾಬ್, ಕೀ ಚಾಲೂ ಮಾಡ್ರಿ. ಗೇರ್ ಹಾಕಿ ಸಾವಕಾಶ ನೂಕ್ರಿ."

ಶೆಟ್ಟರು ಬಾಗಿಲಿಗೆ ಭುಜ ಕೊಟ್ಟರು. ಚಕ್ರ ಒಂದಂಗುಲ ಉರುಳಿತು. ಎರಡಂಗುಲ. ಬಲ್ಬು ಹತ್ತಿತು.

"ಹ್ಞೂಂ" ಎಂದೆ.

ನನ್ನ ಮಾತು ಮುಗಿಯುವ ಮೊದಲೇ ಗಾಡಿ ಹಾರಿತು. ಹಸಿದದ್ದೊಂದು ಬಾಯಿ ಹಾಕಿದ ಹಾಗೆ, ಒಂದೇ ಗುಟುರು. ಶೆಟ್ಟರು ನೆಲಕ್ಕೆ ಬಿದ್ದರು. ದಸ್ತಗೀರರ ಮುಖದಲ್ಲಿ ಹೆದರಿಕೆ ಇರಲಿಲ್ಲ, ಹೆದರಲು ವೇಳೆಯೇ ಇರಲಿಲ್ಲ. ಕಣ್ಣು ಹಾಗೇ ನನ್ನ ಮೇಲಿತ್ತು. ಮುಂದಿನ ಚಕ್ರ ಕಲ್ಲನ್ನು ಹತ್ತಿತು, ಗಾಡಿ ಓರೆಯಾಯಿತು, ಒಮ್ಮೆ ನಡುಗಿ ಇಂಜಿನು ನಿಂತುಹೋಯಿತು.

ಅವರ ಬೆನ್ನು ಗೋಡೆಗೆ ಒತ್ತಿತ್ತು. ಬಂಪರು ಅವರ ಅಂಗಿಗೆ ತಾಗಿ ನಿಂತಿತ್ತು, ಹೊಟ್ಟೆಗೆ ತಾಗಿರಲಿಲ್ಲ. ಬಟ್ಟೆಗೂ ಚರ್ಮಕ್ಕೂ ಇರುವಷ್ಟು ಅಂತರ.

ದಸ್ತಗೀರರು ನಿಧಾನವಾಗಿ ತೋಳು ಹೊರಗೆಳೆದು ಕಿಸೆಗೆ ಕೈ ಹಾಕಿದರು. ಮಡಚಿದ ಕಪ್ಪು ವೈರು ಹೊರಗೆ ಬಂತು. ಅದನ್ನು ನೋಡಿದರು, ಗಾಡಿಯನ್ನು ನೋಡಿದರು.

"ಇದು ನನ್ನ ಹಂತೇಕ ಐತಿ" ಎಂದರು, ಪಿಸುಮಾತಿನಲ್ಲಿ. "ಮತ್ತ ಅದು ಹ್ಯಾಂಗ ಹಾರ್ತು?"

ನೆಲದಿಂದ ಏಳುತ್ತಿದ್ದ ಶೆಟ್ಟರು ಬಿಳಿಚಿಕೊಂಡರು. "ನಾನು ಹಾಕಿದ್ದು ಮಾರಾಯ. ಇನ್ನೊಂದು ಇತ್ತು. ಬಿದ್ದು ಹೋಗಿದೆ ಅಂತ ಮಾಡಿದೆ..."

ದಸ್ತಗೀರರು ನನ್ನತ್ತ ತಿರುಗಿದರು. "ನೀವು ನೋಡಿದ್ದಿಲ್ಲೇನ್ರಿ?"

"ನೋಡಿದ್ದೆ."

"ನೋಡೀರಿ. ಮತ್ತ ಬಾಯಿ ಯಾಕ ತೆಗೀಲಿಲ್ಲ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಿಯೇ ತಿಳಿದುಕೊಳ್ಳಲು ಕೇಳಿದ್ದರು.

ಗಾಡಿಯನ್ನು ಹಿಂದಕ್ಕೆ ನೂಕಿ ಅವರನ್ನು ಬಿಡಿಸಿದೆವು. ಗೋಡೆಗೊರಗಿ ಒಂದು ಬಾಟಲಿ ನೀರು ಕುಡಿದು ಅವರು ಮತ್ತೆ ಎದ್ದರು. "ಈ ಬಾಯಿ ಮುಚ್ಚಿ ಮಾಡೂ ಕೆಲಸ ನಕ್ಕೋ, ಬ್ಯಾಡ. ಇನ್ನ ಯಾರು ಏನು ಮುಟ್ಟಿದ್ರೂ ಜೋರಾಗಿ ಹೇಳ್ಬೇಕು." ಎರಡೂ ವೈರು ಅವರ ಕಿಸೆ ಸೇರಿದವು. ಬೋಲ್ಟು ಬದಲಾಯಿಸಿ ಟೈಮಿಂಗ್ ಸರಿಪಡಿಸುವ ಅರ್ಧ ಗಂಟೆ ಆ ನಿರ್ಜನ ರಸ್ತೆಯಲ್ಲಿ ಶೆಟ್ಟರ ದನಿಯೊಂದೇ ಕೇಳುತ್ತಿತ್ತು. "ಕೈ ಬಾಗಿಲ ಮೇಲೆ ಉಂಟು. ಈಗ ನೂಕ್ತೇನೆ. ನಿಲ್ಲಿಸಿದೆ. ಎಂತದೂ ಮುಟ್ಟಲಿಲ್ಲ."

ನಾಲ್ಕಕ್ಕೆ ನನ್ನ ಹೊಸ ಬಿಲ್ಡಿಂಗಿನ ಗೇಟು ತಲುಪಿದೆವು. ಸಾಮಾನು ಇಳಿಸಿ ಹಿಂದಿರುಗುವ ಮೊದಲು ದಸ್ತಗೀರರು ಮತ್ತೊಮ್ಮೆ ಬಾನೆಟ್ ಎತ್ತಿದರು. ಹೊಸ ಗೆರೆ ಒಂದೇ ಆಗಿ ಉಳಿದಿತ್ತು. ಬೋಲ್ಟು ಮುಟ್ಟಿ ನೋಡಲು ತೋಳು ಒಳಗಿಳಿಸಿ ಮುಖ ಹೊರಗೆ ತಿರುಗಿಸಿದರು.

"ನಾನು ಸೀಟಲ್ಲಿದ್ದೇನೆ. ಕೀ ಕಿಸೆಯಲ್ಲಿ ಉಂಟು" ಎಂದು ಶೆಟ್ಟರು ಒಳಗಿನಿಂದ ಕೂಗಿದರು.

ದಸ್ತಗೀರರು ನನ್ನನ್ನೇ ನೋಡುತ್ತಿದ್ದರು, ಕಾಯುತ್ತಿದ್ದರು.

"ನಡುವಿನ ವೈರು ಹಾಕಿದೆ" ಎಂದೆ. ವಾಚ್‌ಮನ್ ತಿರುಗಿ ನೋಡುವಷ್ಟು ಜೋರಾಗಿ. "ಎರಡೂ ತುದಿ ಕೂತಿವೆ. ನನಗೆ ಕಾಣುತ್ತಿದೆ."

ಅವರು ತಲೆಯಾಡಿಸಿ ಕೈ ಹೊರಗೆ ತೆಗೆದರು.