ಕಸ್ಮಿರಾಳ ಮೈ ಹೊಕ್ಕ ಗಾಳಿ

ನಮ್ಮ ಜಾವಾ ಕರಾವಳಿಯ ಜುವಾನಾ ಬಂದರಿನಲ್ಲಿ ಕಸ್ಮಿರಾ ಉಪ್ಪುನೀರಿನಲ್ಲಿ ಬೇಯಿಸಿದ ಮೀನಿಗೆ ಸಗಟು ವ್ಯಾಪಾರಿಯಾದ ನಾನು ಚೌಕಾಸಿ ಮಾಡುತ್ತಿರಲಿಲ್ಲ. ಮಾಡಿದರೂ ಗಿಟ್ಟುತ್ತಿರಲಿಲ್ಲ. ತಗಡಿನ ಸೂರಿನಡಿ, ಹಬೆಯಾಡುವ ಹಂಡೆಗಳ ನಡುವೆ, ತುಂಬುತೋಳಿನ ಉಣ್ಣೆ ಅಂಗಿ ತೊಟ್ಟು ನಿಲ್ಲುವ ಹೆಂಗಸು ಅವಳು. ಬೆವರಿದ ಮೈಗೆ ಗಾಳಿ ಹೊಕ್ಕರೆ ಕಾಯಿಲೆ ಅಂತ ನಮ್ಮ ಕಡೆ ಎಲ್ಲರೂ ಹೀಗೇ. ನಾನೂ ಬೈಕು ಹತ್ತುವಾಗ ಜಾಕೀಟನ್ನು ಹಿಂದುಮುಂದಾಗಿ ತೊಟ್ಟು ಎದೆ ಮುಚ್ಚಿಕೊಳ್ಳುವವನೇ.

"ಸಾವ್ಕಾರ್ರೇ, ಮೂಗು ಮುಚ್ಕೊಂಡು ಮೀನು ಕೊಳ್ಳೋರು ನೀವೊಬ್ರೇ ನೋಡಿ," ಎನ್ನುತ್ತಿದ್ದಳು.

"ಮೂಗು ಬಿಟ್ರೆ ನೀನು ರೇಟು ಇಳಿಸ್ಬೇಕಾಗತ್ತೆ," ಎನ್ನುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತು. ಸಮುದ್ರ ಅಲುಗದೆ ಬಿದ್ದಿತ್ತು. ಹಗ್ಗದ ಮೇಲಿನ ಬಟ್ಟೆಯೇ ಸಂಜೆಗೂ ಒಣಗದ ದಿನ, ಮೈಮೇಲಿನ ಬೆವರು ಎಲ್ಲಿ ಒಣಗೀತು? ಮಧ್ಯಾಹ್ನ ಕಸ್ಮಿರಾ ನನ್ನನ್ನೇ ಗಂಡ ಪಾರ್ನೊ ಅಂದುಕೊಂಡು, ಸೌದೆ ತರಲಿಲ್ಲವೆಂದು ಬೈದಳು. ನಾನು ನಕ್ಕೆ. ಅಷ್ಟರಲ್ಲಿ ಕುಸಿದಳು. ಅಷ್ಟು ಹೊತ್ತು ಸುರಿಯುತ್ತಿದ್ದ ಬೆವರು ನಿಂತೇ ಹೋಗಿತ್ತು. ಮುಟ್ಟಿದರೆ ಹಂಡೆ ಮುಟ್ಟಿದ ಹಾಗಿತ್ತು.

"ಗಾಳಿ ಹೊಕ್ಕಿದೆ," ಎನ್ನುತ್ತಾ ಓಡಿಬಂದ ಪಾರ್ನೊ ಅವಳನ್ನು ಮನೆಗೆ ಹೊತ್ತೊಯ್ದ. ಕಿಟಕಿ ಮುಚ್ಚಿ, ಕಂಬಳಿ ಹೊದಿಸಿ, ಬೆನ್ನಿಗೆ ಮುಲಾಮು ಹಚ್ಚಿ ನಾಣ್ಯದ ಅಂಚಿನಿಂದ ಕೆರೆದ. ಗೆರೆಗೆರೆಯಾಗಿ ಕೆಂಪೆದ್ದಿತು.

"ನೋಡಿ, ಎಷ್ಟು ಕೆಂಪು! ಗಾಳಿ ಹೊರಗೆ ಬರ್ತಿದೆ."

ಸೇರಿದವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ. ಬಿಸಿ ಶುಂಠಿನೀರು ಬಂತು. ಅವಳು ನುಂಗಲಿಲ್ಲ. ಆಗ ಎದ್ದು ಹೋಗಿ ನರ್ಸ್ ರೆತ್ನೊಳನ್ನು ಕರೆತಂದೆ.

ಬಂದವಳೇ ಕಂಬಳಿ ಕಿತ್ತೆಸೆದಳು. "ಕಿಟಕಿ ತೆಗೀರಿ! ನೀರು ಸುರೀರಿ! ಒಳಗೆ ಕುದೀತಿದೆ, ನೀವು ಮೇಲೆ ಮುಚ್ಚಳ ಹಾಕ್ತಿದೀರಲ್ಲ!"

"ಕಾದ ಮೈಗೆ ತಣ್ಣೀರಾ? ಕೊಲ್ತೀಯೇನಮ್ಮ ಇವಳನ್ನ?" ಪಾರ್ನೊ ಕಿಟಕಿಗೆ ಅಡ್ಡ ನಿಂತ.

ಅವನನ್ನು ಪಕ್ಕಕ್ಕೆ ತಳ್ಳಿ ಕಿಟಕಿ ತೆಗೆದವನು ನಾನು. ಕೊಡಗಟ್ಟಲೆ ನೀರು ಸುರಿದೆವು. ಆಸ್ಪತ್ರೆಯ ಗಾಡಿ ಬರುವಷ್ಟರಲ್ಲಿ ಉಸಿರು ನಿಂತಿತ್ತು. ನನಗೆ ಅಳು ಬರಲಿಲ್ಲ. ಒಲೆಯ ಮೇಲಿನ ಮೀನು ಇಷ್ಟೊತ್ತಿಗೆ ಕರಗಿಹೋಗಿರಬೇಕು ಅಂತ ಯೋಚಿಸಿದೆ.

ಪಾರ್ನೊ ಈಗಲೂ ಮೀನು ಬೇಯಿಸುತ್ತಾನೆ, ನನಗೇ ಮಾರುತ್ತಾನೆ.

"ಗಾಳಿ ಅರ್ಧ ಹೊರಗೆ ಬಂದಿತ್ತು ಸಾವ್ಕಾರ್ರೇ. ನೀವು ಕಿಟಕಿ ತೆಗೆದ್ರಿ," ಎನ್ನುತ್ತಾನೆ, ಸಿಟ್ಟಿಲ್ಲದೆ, ತಕ್ಕಡಿಯ ಮುಳ್ಳು ನೋಡುತ್ತಾ. ಬೀದಿಯವರ ಮಾತೂ ಅದೇ.

ನಾನು ತೂಕ ಸರಿಯಿದೆ ಎನ್ನುತ್ತೇನೆ.